ಡಿಕಾಕ್ಷನ್ ಡ್ರಮ್ಮಿನ ಹಿಂದಿನ ದನಿ

ಕನಕರಾಜನಿಗೆ ಮಾತು ಮರೆಯುವ ಕಾಯಿಲೆ ಇದೆ ಎಂದು ಹಿರಿಯೂರಿನ ಅರ್ಧ ಜನ ನಂಬಿದ್ದರು. ಉಳಿದರ್ಧ ಜನ ಮೂರ್ತಪ್ಪನ ಹೋಟೆಲಿಗೆ ಕಾಫಿಗೆ ಬರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಆ ಹೋಟೆಲಿನಲ್ಲಿ ಪ್ರತಿ ಭಾನುವಾರ ಸಂಜೆ ನಾಟಕ. ಶುರುವಾದದ್ದು ಏಳು ವರ್ಷದ ಹಿಂದೆ, ಕ್ರಿಕೆಟ್ ಮ್ಯಾಚಿನ ನಡುವೆ ಟೀವಿ ಸುಟ್ಟುಹೋದ ದಿನ. ಎದ್ದು ಹೊರಟ ಗಿರಾಕಿಗಳನ್ನು ಕೂರಿಸಲು ಮೂರ್ತಪ್ಪ, ಮೂಲೆಯಲ್ಲಿ ಹರಟುತ್ತಿದ್ದ ಕನಕರಾಜನನ್ನು ಮುಂದಕ್ಕೆ ತಳ್ಳಿ, "ಲೇ, ಕಾಫಿ ಮುಗಿಯೋವರ್ಗಾದ್ರೂ ಏನಾರ ಮಾಡಲೇ" ಎಂದಿದ್ದ. ಅದೇ ಮುಂದೆ ಕಾನೂನಾಯಿತು. ಪರದೆ ಇಲ್ಲ, ವೇದಿಕೆ ಇಲ್ಲ. ಟೇಬಲ್ಲಿಗೆ ಕಾಫಿ ಬಂದಾಗ ನಾಟಕ ಶುರು, ಕೊನೆಯ ಲೋಟ ಖಾಲಿಯಾದಾಗ ಮುಕ್ತಾಯ. ಕಥೆ ಎಲ್ಲೇ ಇರಲಿ. ಒಮ್ಮೆ ರಾಜನಿಗೆ ವಿಷ ಕೊಡುವಷ್ಟರಲ್ಲಿ ಲೋಟಗಳು ಖಾಲಿಯಾಗಿ, ಆ ರಾಜ ಇವತ್ತಿಗೂ ಬದುಕಿದ್ದಾನೆ.

ಮಾತು ಹೇಳಿಕೊಡುವವಳು ನಾಗಶ್ರೀ. ಮರೆಯಾಗಿ ಕೂರಲು ಬೇರೆ ಜಾಗವಿಲ್ಲದೆ ಅವಳು ಡಿಕಾಕ್ಷನ್ ಡ್ರಮ್ಮಿನ ಹಿಂದೆ ಪುಸ್ತಕ ಹಿಡಿದು ಕೂರುತ್ತಿದ್ದಳು. ಅಲ್ಲಿಂದ ಅವಳ ಪಿಸುದನಿ ಕಾಫಿಯ ಹಬೆಯ ಜೊತೆ ಬರುತ್ತಿತ್ತು.

ಅದನ್ನು ಕೇಳಲೆಂದೇ ಕನಕರಾಜ್ ಮರೆಯುತ್ತಿದ್ದ.

ಹಗಲಲ್ಲಿ ಫ್ಲೆಕ್ಸ್ ಅಂಗಡಿಯಲ್ಲಿ ಕೂತು, ಯಾರದೇ ಬರ್ತ್‌ಡೇ ಫೋಟೋ ಬರಲಿ, ಕೆಳಗೊಂದು ಸಿನಿಮಾ ಡೈಲಾಗು ಜಡಿಯುವವನು ಅವನು. ಅಂಥವನು ಒಂದು ಕಾಫಿ ಉದ್ದದ ನಾಟಕ ಮರೆಯುವುದುಂಟೇ? ಆದರೆ "ನಿನ್ನ ಕಣ್ಣು..." ಎಂದು ನಿಲ್ಲಿಸಿದರೆ ಸಾಕು, ಡ್ರಮ್ಮಿನ ಹಿಂದಿನಿಂದ "...ನೋಡಿದ್ರೆ ನಂಗೆ ನಿದ್ದೆ ಬರಲ್ಲ" ಎಂದು ಅವಳು ಹೇಳುತ್ತಿದ್ದಳು. ಅಷ್ಟು ಅವನಿಗೆ ಒಂದು ವಾರಕ್ಕಾಗುತ್ತಿತ್ತು.

ಈಗ ಮೂರ್ತಪ್ಪನ ಮಂಡಿ ಸೋತು, ಹೋಟೆಲ್ ಮುಚ್ಚುತ್ತಿದ್ದ. ಬರುವ ಭಾನುವಾರವೇ ಕೊನೆಯ ಕಾಫಿ, ಕೊನೆಯ ನಾಟಕ. ನಾಗಶ್ರೀಗೆ ಹೊಳಲ್ಕೆರೆಯಲ್ಲಿ ಹಾಸ್ಟೆಲ್ ವಾರ್ಡನ್ ಕೆಲಸ ಸಿಕ್ಕಿತ್ತು. ಸೋಮವಾರ ಬೆಳಗ್ಗೆ ಬಸ್ಸು.

ಗುರುವಾರ ಅವಳು ಅವನನ್ನು ಹೋಟೆಲಿಗೆ ಕರೆಸಿದಳು.

"ರೀ ಕನಕರಾಜ್, ಕುಂತ್ಕಳ್ರಿ. ನಮ್ಮ ನಾಟಕದ ಚರಿತ್ರೆ ಬರೀತಿದೀನಿ. ಮೂರ್ತಪ್ಪ ಮಾಮ ಕಡೇ ದಿನ ಓದ್ತಾರಂತೆ."

"ಚರಿತ್ರೆ ನಾವು ಬರಿಯಲ್ಲ ಮೇಡಂ. ನಮ್ಮನ್ನ ನೋಡಿ ಅದೇ ಬರ್ಕಂತೈತೆ."

"ಇದು ಯಾವ ಪಿಚ್ಚರ್ದು?"

"ಇನ್ನೂ ರಿಲೀಸ್ ಆಗಿಲ್ಲ."

ಅವಳ ತುಟಿ ನಗಲು ಹೊರಟು, ಅರ್ಧದಲ್ಲಿ ನಿಂತಿತು. ಎಡ ಹುಬ್ಬು ಮಾತ್ರ ಮಾತು ಕೇಳದೆ ಮೇಲೇರಿತು. ಆ ಹುಬ್ಬು ಇಳಿಯುವ ತನಕ ಕನಕರಾಜ್ ಉಸಿರು ಬಿಡಲಿಲ್ಲ.

ಅವಳು ನೋಟ್‌ಬುಕ್ ತೆರೆದಳು. ಪುಟದ ತುಂಬ ಕೆಂಪು ಪೆನ್ಸಿಲ್ಲಿನ ಗೀಟು. "ನೀವು ಮರ್ತಿದ್ದೆಲ್ಲ ಇದ್ರಲ್ಲೈತೆ. ತಾರೀಖು ಸಮೇತ. ಇನ್ನೂರ ಹನ್ನೊಂದು ಸಲ."

"ದಾಖಲೆನಾ?"

"ಕೇಳ್ರಿ. ಅಕ್ಕನ ಮದ್ವೆಗೆ ನಾನು ಎರಡು ಭಾನುವಾರ ಹೊಸದುರ್ಗದಾಗಿದ್ದೆ. ಕಲ್ಲೇಶಣ್ಣ ಇದೇ ಪುಸ್ತಕ ಹಿಡ್ಕಂಡು ನನ್ ಜಾಗದಲ್ಲಿ ಕುಂತಿದ್ರು. ಆ ಎರಡು ದಿನ ಒಂದು ಗೀಟೂ ಇಲ್ಲ."

ಒಲೆಯ ಮುಂದೆ ಹಾಲು ಕಾಯಿಸುತ್ತಿದ್ದ ಕಲ್ಲೇಶ್ ತಿರುಗದೆಯೇ, "ಹೂಂ ಕಣವ್ವ, ಪಟಪಟ ಹೇಳ್ದ. ನಂಗೇ ತೂಕಡಿಕೆ ಬಂತು" ಎಂದ.

"ಯಾಕೆ?" ಅವಳು ಕೇಳಿದ್ದು ಕನಕರಾಜನನ್ನು.

ಅವನು ಬಾಯಿ ತೆರೆದ. ಮಳೆಯಲ್ಲಿ ಹೇಳುವ ಡೈಲಾಗು, ರೈಲು ಹೊರಡುವಾಗ ಹೇಳುವ ಡೈಲಾಗು, ಆಸ್ಪತ್ರೆ ಮಂಚದ ಡೈಲಾಗು, ಎಲ್ಲವೂ ನಾಲಿಗೆಗೆ ಓಡಿ ಬಂದವು. ಎಲ್ಲವನ್ನೂ ಯಾರೋ ಯಾರಿಗೋ ಹೇಳಿಯಾಗಿತ್ತು.

"ಕಲ್ಲೇಶಣ್ಣನ ದನಿ ಅಂದ್ರೆ ನಂಗೆ ಭಯ."

ಅವಳು ಪುಸ್ತಕ ಮುಚ್ಚಿದಳು. "ನಗಿಸ್ತೀರ. ಅಷ್ಟೇ ಬರೋದು ನಿಮ್ಗೆ."

ಭಾನುವಾರ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾಟಕದಲ್ಲಿ ಒಬ್ಬ ಹುಡುಗ, ಒಂದು ಖಾಲಿ ಕುರ್ಚಿ. ಊರು ಬಿಟ್ಟು ಹೊರಟ ಹುಡುಗಿ ಆ ಕುರ್ಚಿಯಲ್ಲಿದ್ದಾಳೆ ಎಂದುಕೊಂಡು ಅವನು ಮಾತಾಡಬೇಕು.

"ನೀನು ಹೋದ್ರೆ..." ಎಂದು ಕನಕರಾಜ್ ವಾಡಿಕೆಯಂತೆ ನಿಲ್ಲಿಸಿದ.

ಹಬೆ ಬಂತು. ದನಿ ಬರಲಿಲ್ಲ.

ಓರೆಗಣ್ಣಲ್ಲಿ ನೋಡಿದ. ಡ್ರಮ್ಮಿನ ಅಂಚಿನ ಮೇಲೆ ಎರಡು ಕಣ್ಣು, ಕಿವಿಯ ಸಂದಿಯಲ್ಲಿ ಕೆಂಪು ಪೆನ್ಸಿಲ್. ಪುಸ್ತಕ ಮುಚ್ಚಿತ್ತು. ಕಲ್ಲೇಶ್ ಏನೋ ಹೇಳಿಕೊಡಲು ಹೋದರೆ ಅವಳು ಬೆರಳೆತ್ತಿ ತಡೆದಳು.

"ನೀನು ಹೋದ್ರೆ..."

ಮುಂದಿನ ಟೇಬಲ್ಲಿನಲ್ಲಿ ಕೂತಿದ್ದ ಗಿರಿಯಮ್ಮಜ್ಜಿ, ಏಳು ವರ್ಷದ ಖಾಯಂ ಗಿರಾಕಿ, ಲೋಟ ಊದುತ್ತ, "ಮುಂದಕ್ ಹೇಳಪ್ಪ, ಕಾಫಿ ಆರ್ತೈತೆ" ಎಂದಳು.

ಸರಿ, ಹೇಳಿಬಿಡೋಣ ಎಂದು ಅವನು ಮಾತು ಹುಡುಕಿದ. ಇರಲಿಲ್ಲ. ಬೆಳಗ್ಗೆ ಹಲ್ಲುಜ್ಜುವಾಗಲೂ ಹೇಳಿಕೊಂಡಿದ್ದ ಮಾತು ಈಗ ಇರಲಿಲ್ಲ. ಒಂದೊಂದೇ ಲೋಟ ಖಾಲಿಯಾಗಿ ಟೇಬಲ್ಲಿಗೆ ತಾಗುವ ಸದ್ದು. ಕೊನೆಗೆ ಉಳಿದದ್ದು ಗಿರಿಯಮ್ಮಜ್ಜಿಯ ಲೋಟ ಒಂದೇ. ಅಜ್ಜಿ ಅವನ ಮುಖ ನೋಡಿದಳು, ಬಾಯಿಗೆ ಒಯ್ದಿದ್ದ ಲೋಟವನ್ನು ತೊಡೆಯ ಮೇಲಿಟ್ಟುಕೊಂಡಳು.

"ನಂದಿನ್ನೂ ಐತೆ. ನಿಧಾನಕ್ ಹೇಳು."

ಕನಕರಾಜ್ ಕುರ್ಚಿಗೆ ಬೆನ್ನು ತಿರುಗಿಸಿ ಡ್ರಮ್ಮಿನ ಕಡೆ ನಿಂತ.

"ನಾನು ಒಂದಿನಾನೂ ಮರ್ತಿರ್ಲಿಲ್ಲ ರೀ. ನಿಮ್ ದನಿ ಕೇಳ್ಬೇಕು ಅನ್ಸೋದು, ನಿಲ್ಲಿಸ್ತಿದ್ದೆ." ಡ್ರಮ್ಮಿನತ್ತ ಒಂದು ಹೆಜ್ಜೆ ಇಟ್ಟ. "ನಾಳೆಯಿಂದ ಎಲ್ಲಿ ನಿಲ್ಲಿಸ್ಲಿ, ಗೊತ್ತಾಗ್ತಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಇದು ನಾಟಕದ್ದೋ ಅಲ್ಲವೋ ಎಂದು ಜನ ಪರಸ್ಪರ ನೋಡಿಕೊಂಡರು.

"ಮುಂದಕ್ಕೆ ಬರ್ತಿಲ್ಲ" ಎಂದ, ಸೋತು.

ಆಗ ಹಬೆಯ ಜೊತೆ ದನಿ ಬಂತು. "'ಭಾನುವಾರ ಹೊಳಲ್ಕೆರೆಗೆ ಬರ್ಲಾ' ಅನ್ರಿ."

"ಭಾನುವಾರ ಹೊಳಲ್ಕೆರೆಗೆ ಬರ್ಲಾ?"

ನಾಗಶ್ರೀ ಎದ್ದು ನಿಂತಳು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಏಳು ವರ್ಷ ಎಲ್ಲರಿಗೂ ಮಾತು ಕೊಟ್ಟವಳಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಕನಕರಾಜ್ ಎರಡು ಹೆಜ್ಜೆ ಹತ್ತಿರ ಹೋಗಿ ಪಿಸುಗುಟ್ಟಿದ.

"'ಬರ್ರಿ' ಅನ್ರಿ."

"ಬರ್ರಿ."

ಗಿರಿಯಮ್ಮಜ್ಜಿ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಇಟ್ಟಳು. ನಾಟಕ ಮುಗಿಯಿತು.

ಸೋಮವಾರ ಬಸ್ಸಿನ ಕಿಟಕಿಯಿಂದ ನಾಗಶ್ರೀ ನೋಟ್‌ಬುಕ್ ಅವನ ಕೈಗಿಟ್ಟಳು. ಬಸ್ಸು ತಿರುಗುವವರೆಗೂ ಅವನಿಗೆ ಒಂದು ಡೈಲಾಗೂ ಹೊಳೆಯಲಿಲ್ಲ. ಆಮೇಲೆ ಕೊನೆಯ ಪುಟ ತೆರೆದ.

ಒಟ್ಟು ಮರೆತದ್ದು ಎಂಬಲ್ಲಿ ಇನ್ನೂರ ಹನ್ನೊಂದನ್ನು ಹೊಡೆದುಹಾಕಿ, ಕೆಂಪು ಪೆನ್ಸಿಲ್ಲಿನಲ್ಲಿ ಅವಳು ಬರೆದಿದ್ದಳು: ಒಂದು.