ಬಾಯಿಗೆ ಬಾರದ ಹೆಸರು

"ಓದೂದಾದ್ರೆ ಮನಸ್ನಲ್ಲೇ ಓದಿ. ಅವನ ಹೆಸ್ರು ಬಾಯ್ಬಿಟ್ಟು ಹೇಳೂದು ಬೇಡ," ಎಂದರು ನರ್ಮದಾ, ಕೋಣೆಯ ಬೀಗ ತೆಗೆಯುತ್ತ.

ಪ್ರಣಿತಾ ನಕ್ಕಳು. ಸರಣಿ ಕೊಲೆಗಾರರ ಬಗ್ಗೆ ಪಾಡ್‌ಕಾಸ್ಟ್ ಮಾಡುವುದೇ ಅವಳ ಕೆಲಸ. ಹೆಸರು ಹೇಳದೆ ಕತೆ ಹೇಳುವುದು ಹೇಗೆ? ಐವತ್ತು ವರ್ಷಗಳ ಹಿಂದೆ ಹೊನ್ನಾವರದಿಂದ ಭಟ್ಕಳದವರೆಗಿನ ಕಡಲಂಚಿನಲ್ಲಿ ಏಳು ಹೆಂಗಸರ ಕತ್ತು ಹಿಸುಕಿ, ಕೊನೆಗೆ ಗಲ್ಲಿಗೇರಿದವನ ಜಾಡು ಹಿಡಿದು ಅವಳು ಮೈಸೂರಿನಿಂದ ಕುಮಟೆಗೆ ಬಂದಿದ್ದಳು. ನರ್ಮದಾ ಅವರ ಗಂಡ ನಡೆಸುತ್ತಿದ್ದ ವಾರಪತ್ರಿಕೆಯ ಹಳೆಯ ಸಂಚಿಕೆಗಳೆಲ್ಲ ಈ ಕೋಣೆಯಲ್ಲಿದ್ದವು.

"ಕಡೇಗೆ ಸತ್ತದ್ದು ಹೊನ್ನಾವರದ ಹತ್ರ ಕಾಸರಕೋಡದ ಮಾಸ್ತಮ್ಮನ ಮಗಳು. ಮುದ್ಕಿ ಈಗ್ಲೂ ಅಲ್ಲೇ ಇದ್ದಾಳೆ. ಊರೆಲ್ಲ ಅವನ ಹೆಸ್ರೇ ಹೇಳ್ತದೆ ಅಂತ ಮಾಸ್ತಮ್ಮ ಮಾಟ ಕಟ್ಟಿದ್ಲು. ಅವನ ಹೆಸ್ರು ಹೇಳ್ದೋರಿಗೆ ತಮ್ಮ ಜೀವದಂಥವರ ಹೆಸ್ರು ಇಲ್ದೇ ಹೋಗ್ಲಿ ಅಂತ." ನರ್ಮದಾ ದನಿ ತಗ್ಗಿಸಿದರು. "ನಮ್ಮನೆಯವ್ರು ಪ್ರೂಫ್ ಜೋರಾಗಿ ಓದ್ತಿದ್ರು. ಆಮೇಲೆ ಸಾಯೂ ತನ್ಕ ನನ್ನ ಹೆಸ್ರು ಹಿಡಿದು ಕರೀಲಿಲ್ಲ."

"ಅದು ಮರೆವಿನ ಕಾಯಿಲೆ ಅಮ್ಮ. ಮಾಟ ಅಲ್ಲ."

"ಆಗ ಅವರಿಗಿನ್ನೂ ಮೂವತ್ತೈದು," ಎಂದವರೇ ನರ್ಮದಾ ಒಳಗೆ ಹೋದರು.

ಕೋಣೆಯಲ್ಲಿ ಗೆದ್ದಲು ಹತ್ತಿದ ಕಾಗದದ ವಾಸನೆ, ಮುಗ್ಗಲು, ಮಬ್ಬು. ಮುಟ್ಟಿದರೆ ಪುಡಿಯಾಗುವ ಹಾಳೆಗಳು. ಪುಟಪುಟದಲ್ಲೂ ಅವನೇ: ಅವನ ಅಂಗಿಯ ಬಣ್ಣ, ಅವನ ಶಿಳ್ಳೆ, ನ್ಯಾಯಾಲಯದಲ್ಲಿ ಅವನು ನಕ್ಕ ರೀತಿ. ಸತ್ತವರೋ, 'ಮೀನು ಮಾರುವ ಹೆಂಗಸು', 'ಓರ್ವ ವಿಧವೆ', 'ಸುಮಾರು ಇಪ್ಪತ್ತರ ಯುವತಿ'. ಒಬ್ಬಳಿಗೂ ಹೆಸರಿರಲಿಲ್ಲ. ಪ್ರಣಿತಾ ಅದನ್ನು ಗಮನಿಸಿದಳು, ಹಾಳೆ ಮಗುಚಿದಳು. ಮೈಕು ಹಚ್ಚಿ, ದನಿಗೆ ಬೇಕಾದಷ್ಟು ನಡುಕ ಸೇರಿಸಿ, ಅವನ ಹೆಸರನ್ನು ಹೇಳಿದಳು.

ಹೊರಗೆ ಕಾಗೆಗಳ ಕೂಗು ನಿಂತಿತು.

ಬಾಯೊಳಗೆ ಉಪ್ಪು. ಕೊಳೆತ ಮೀನಿನ ನಾತ. ಯಾರೋ ಒದ್ದೆ ಬೆರಳು ತೂರಿಸಿ ನಾಲಿಗೆಯ ಬುಡವನ್ನು ತಡಕಾಡಿದಂತೆ. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು, ಮನೆಯಿಂದ ವಿಡಿಯೊ ಕರೆ. ಪರದೆಯ ಮೇಲೆ ಆರು ವರ್ಷದ ಮಗಳು ಶ್ರೀಗೌರಿ, ಮುಂದಿನ ಹಲ್ಲು ಬಿದ್ದ ಜಾಗವನ್ನು ತೋರಿಸುತ್ತಿದ್ದಳು.

"ಅಮ್ಮಾ, ನೋಡು!"

ಪ್ರಣಿತಾ ಕರೆಯಲು ಬಾಯಿ ತೆರೆದಳು. ಹೆಸರು ಬರಲಿಲ್ಲ. ನಾಲಿಗೆಯಲ್ಲಿ ಇಲ್ಲ. ಮನಸ್ಸಿನಲ್ಲಿ ಇಲ್ಲ. ಎಲ್ಲೂ ಇಲ್ಲ.

"ನಿನ್ನ... ನಿನ್ನ ಹೆಸರು ಹೇಳು ಪುಟ್ಟಾ."

ಮಗು ಆಟವೆಂದುಕೊಂಡು ನಗುತ್ತ ಕೂಗಿ ಹೇಳಿತು. ಪ್ರಣಿತಾಳಿಗೆ ಕೇಳಿಸಿದ್ದು ಕಡಲ ತೆರೆ ಒಡೆಯುವ ಸದ್ದು. ಇನ್ನೊಮ್ಮೆ ಹೇಳಿಸಿದಳು. ಮತ್ತೆ ತೆರೆ. ಮಗುವಿನ ಪಕ್ಕದಲ್ಲಿದ್ದ ಗಂಡ ರಾಜೇಶ ಗಾಬರಿಯಿಂದ ಅದೇ ಹೆಸರು ಹೇಳಿದ. ತೆರೆ. ಬರೇ ತೆರೆ. ಮಗುವಿನ ನಗು ಮೆಲ್ಲಗೆ ಅಳುವಾಯಿತು.

ಸಿಕ್ಕಿದ ರಿಕ್ಷಾ ಹತ್ತಿ ಅವಳು ಕಾಸರಕೋಡ ಮುಟ್ಟಿದಾಗ ಇಳಿಬಿಸಿಲು. ಮರಳ ಮೇಲೆ ಹರವಿದ ಮೀನಿನ ಪಕ್ಕ ತೊಂಬತ್ತು ದಾಟಿದ ಮಾಸ್ತಮ್ಮ ಕೋಲು ಹಿಡಿದು ಕೂತಿದ್ದಳು.

"ಅಜ್ಜೀ, ಹಳೇ ಪೇಪರ್ ಓದಿ ಅವನ ಹೆಸರು ಹೇಳಿಬಿಟ್ಟೆ. ಮಾಟ ಬಿಡಿಸಿ. ನನ್ನ ಮಗಳ ಹೆಸರು ಕೊಡಿ." ಪ್ರಣಿತಾ ಮರಳಿನಲ್ಲಿ ಕುಸಿದಳು.

ಮುದುಕಿ ತಲೆಯೆತ್ತಿ ಅವಳನ್ನು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ.

"ಬಿಡ್ಸೂಕೆ ಆಗೂದಾದ್ರೆ ನಾನೇ ಬಿಡಿಸ್ಕಳ್ತಿದ್ನಿಲ್ವಾ ತಂಗೀ? ಮಾಟ ಕಟ್ಟೂಕೆ ಅವನ ಹೆಸ್ರು ನಾನೇ ಹೇಳ್ಬೇಕಾತು."

ಮಾಸ್ತಮ್ಮ ಕೋಲನ್ನು ಮರಳ ಮೇಲಿಟ್ಟಳು.

"ನನ್ನ ಹುಡ್ಗಿ ಹೆಸ್ರು ಅವತ್ತೇ ಹೋತು. ಯಾರು ಹೇಳಿದ್ರೂ ಬರೀ ಕಡ್ಲು ಕೇಳ್ತಿತ್ತು. ಈಗ ಹೇಳೂರೂ ಸತ್ತೋದ್ರು." ಒಣಗಿದ ಕೈ ಪ್ರಣಿತಾಳ ಮಣಿಕಟ್ಟನ್ನು ಹಿಡಿಯಿತು. "ನೀ ಪೇಪರೆಲ್ಲ ಓದ್ದೋಳು. ಅವಳ ಹೆಸ್ರು ಅದ್ರಲ್ಲಿ ಬರ್ದಿದಾರಾ? ನಂಗೆ ಕೇಳೂದಿಲ್ಲ, ಗೊತ್ತು. ಆದ್ರೂ ಒಂದ್ಸಲ ಹೇಳು."

ಸುಮಾರು ಇಪ್ಪತ್ತರ ಯುವತಿ. ಅಷ್ಟೇ ಇತ್ತು ಅಲ್ಲಿ.

"ಬರೆದಿದ್ದಾರೆ ಅಜ್ಜೀ. ದೊಡ್ಡ ಅಕ್ಷರದಲ್ಲಿ," ಎಂದು ಪ್ರಣಿತಾ ಮುದುಕಿಯ ಕಿವಿಯ ಹತ್ತಿರ ಬಾಗಿ, ಸದ್ದಿಲ್ಲದೆ ತುಟಿ ಆಡಿಸಿದಳು.

ಮಾಸ್ತಮ್ಮ ಕಣ್ಣು ಮುಚ್ಚಿದಳು. ದಡದಲ್ಲಿ ಒಂದು ತೆರೆ ಒಡೆದು ಹಿಂದೆ ಸರಿಯಿತು.

"ಹಾಂ," ಎಂದಳು. "ಅದೇ. ಅದೇ ನನ್ನ ಹುಡ್ಗಿ."