ಒಂದು ಭಾನುವಾರದ ಸೋಫಾ

ಭವ್ಯಶ್ರೀಗೆ ಎಚ್ಚರವಾಗುವ ಹೊತ್ತಿಗೆ ಅವಳು ಮಾರಾಟವಾಗಿ ಹೋಗಿದ್ದಳು.

ಅಂದರೆ, ಅವಳು ಕೂತಿದ್ದ ಸೋಫಾದ ಕೈಗೆ ಒರಗಿಸಿ ಯಾರೋ ಒಂದು ರಟ್ಟು ಇಟ್ಟಿದ್ದರು. ಅದರ ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ ‘ಸೋಲ್ಡ್’ ಎಂದಿತ್ತು.

ಉಡುಪಿಯ ಕಲ್ಸಂಕದ ಹತ್ತಿರ ಅಗ್ಗದ ಫರ್ನಿಚರಿಗೆ ಹೆಸರಾದ ಅಂಗಡಿ ಅದು. ಮೂರು ಗಂಟೆಗೆ ಮಣಿಪಾಲದ ಬಸ್ಸಿನಿಂದಿಳಿದು ಮೆಟ್ಟಿಲು ಹತ್ತಿ ಬಂದದ್ದು ಅವಳಿಗೆ ನೆನಪಿತ್ತು. ಬೆಳಿಗ್ಗೆ ಐದೂಕಾಲರ ಬಸ್ಸಿಗೆ ಕಾಪುವಿನಿಂದ ಹೊರಟು, ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಎಂಟು ಗಂಟೆ ನಿಂತೇ ದುಡಿದವಳು, “ಕೂತು ನೋಡಿ ಮೇಡಂ” ಎಂದು ಯಾರೋ ಅಂದಾಗ ಕೂತಿದ್ದಳು. ಮುಂದಿನದು ನೆನಪಿಲ್ಲ. ಈಗ ಗೋಡೆ ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು.

“ಇದೆಂತ ಇದು?” ಅವಳು ಧಡಕ್ಕನೆ ಎದ್ದಳು. “ನಾನು ಯಾವಾಗ ತೆಗೊಳ್ತೇನೆ ಅಂತ ಹೇಳಿದ್ದು? ನಿದ್ದೆಯಲ್ಲಿದ್ದವರ ತಲೆಗೆ ಕಟ್ಟುವ ವ್ಯಾಪಾರವಾ ನಿಮ್ಮದು?”

ಕಪಾಟುಗಳ ಸಾಲಿನ ಹಿಂದಿನಿಂದ, ಧೂಳೊರೆಸುವ ಬಟ್ಟೆ ಹಿಡಿದುಕೊಂಡೇ ಒಬ್ಬ ಸೇಲ್ಸ್‌ಮನ್ ಬಂದ. ನಲವತ್ತರ ಹತ್ತಿರದ ಮನುಷ್ಯ. ಅವನ ಮುಖದ ಆಯಾಸ ನೋಡಿದರೆ ಅವಳಿಗಿಂತ ಎರಡು ಡ್ಯೂಟಿ ಹೆಚ್ಚೇ ಮಾಡಿದವನಂತೆ ಕಾಣುತ್ತಿದ್ದ.

“ನೀವು ತೆಗೊಳ್ಳಲಿಲ್ಲ ಮೇಡಂ, ಮಲಗಿದ್ದು ಮಾತ್ರ. ಒಂದು ಫ್ಯಾಮಿಲಿ ಬಂತು, ಇದೇ ಪೀಸ್ ಕೂತು ನೋಡಬೇಕು ಅಂತ. ಅವರು ಹೋದ ಮೇಲೆ ಇನ್ನೊಂದು. ನಿಮ್ಮನ್ನು ಎಬ್ಬಿಸುವ ಬದಲು ಬೋರ್ಡ್ ಇಟ್ಟೆ.”

“ಎಬ್ಬಿಸಬಹುದಿತ್ತಲ್ಲ?”

“ಹತ್ತಿರ ಬಂದಿದ್ದೆ. ನೀವು ಕಣ್ಣು ಮುಚ್ಚಿಕೊಂಡೇ ‘ಇನ್ನು ಐದು ನಿಮಿಷ’ ಅಂದ್ರಿ.”

ಭವ್ಯಶ್ರೀಯ ಸಿಟ್ಟು ಅರ್ಧದಲ್ಲೇ ದಾರಿ ತಪ್ಪಿತು. ಜಾರಿದ ಕ್ಲಿಪ್ಪನ್ನು ಕೂದಲಿಗೆ ಸಿಕ್ಕಿಸುತ್ತ, ಅವನ ಮುಖ ನೋಡದೆ ಕೇಳಿದಳು: “ಗೊರಕೆ ಹೊಡೆದೆನಾ?”

“ಫ್ಯಾನಿನ ಶಬ್ದದಲ್ಲಿ ಯಾರಿಗೂ ಗೊತ್ತಾಗಲಿಲ್ಲ.”

ಅವನು ನಗಲಿಲ್ಲ. ಆದರೆ ಕಣ್ಣಿನ ಅಂಚಿನಲ್ಲಿ ನಗು ಬಂದು, ಹೊರಗೆ ಬರಲೋ ಬೇಡವೋ ಎಂದು ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ಒಳಗೆ ಹೋಯಿತು. ಅದನ್ನು ಭವ್ಯಶ್ರೀ ನೋಡಿಬಿಟ್ಟಳು.

“ಸೋಫಾ ಕೂರಲಿಕ್ಕಾ, ತೋರಿಸಲಿಕ್ಕಾ?” ಅವನು ಕೇಳಿದ. ಎಲ್ಲ ಗಿರಾಕಿಗಳಲ್ಲೂ ಕೇಳುವ ಪ್ರಶ್ನೆಯೇ ಇರಬೇಕು.

“ತೋರಿಸಲಿಕ್ಕೆ.”

“ಎಷ್ಟು ವರ್ಷ ಬಾಳಬೇಕು?”

“ಒಂದು ಭಾನುವಾರ.”

ಅವನು ಒರೆಸುವುದನ್ನು ನಿಲ್ಲಿಸಿ ಅವಳನ್ನು ನೋಡಿದ.

ಭಾನುವಾರದ ಕಥೆ ಹೀಗೆ. ಭವ್ಯಶ್ರೀಗೆ ಮೂವತ್ತಮೂರು. ಅಪ್ಪ ತೀರಿಹೋಗಿ ವರ್ಷಗಳಾಗಿದ್ದವು. ಮನೆಯಲ್ಲಿ ಅಮ್ಮ ಬೇಬಿ ಮತ್ತು ಅವಳು. ಮೇಲ್ವಿಚಾರಣೆಗೆ ಅಮ್ಮನ ಅಣ್ಣ ದೂಮಪ್ಪ ಮಾವ. ಅವಳನ್ನು ಓದಿಸಿದವರು ಮಾವನೇ, ವರ ಹುಡುಕುವವರೂ ಅವರೇ. ಇಲ್ಲಿಯವರೆಗೆ ಏಳು ಕಡೆಯವರು ಬಂದು ಬಿಸ್ಕಿಟ್ ಅಂಬಡೆ ತಿಂದು ಹೋಗಿದ್ದರು. ಏಳನೆಯವರಲ್ಲಿ ಜಾತಕವೂ ಕೂಡಿತ್ತು. ಆದರೆ ಹುಡುಗನ ಚಿಕ್ಕಮ್ಮ ಕೂತ ಪ್ಲಾಸ್ಟಿಕ್ ಕುರ್ಚಿಯ ಕಾಲು ಲಟಕ್ಕನೆ ಮುರಿದು, ಆ ಹೆಂಗಸು ಚಹಾ ಸಮೇತ ನೆಲಕ್ಕೆ ಬಂದರು. ಸಂಬಂಧ ತಪ್ಪಿದ್ದೇ ಕುರ್ಚಿಯಿಂದ ಎಂದು ಮಾವ ತೀರ್ಮಾನಿಸಿದರು. ಬರುವ ಭಾನುವಾರ ಹೆಜಮಾಡಿಯಿಂದ ಕುವೈಟ್ ಹುಡುಗನ ಕಡೆಯವರು ಬರುವವರಿದ್ದರು. ಅಷ್ಟರೊಳಗೆ ಬಂದವರು ಕೂರುವ ಚಾವಡಿಯಲ್ಲಿ ಸೋಫಾ ಇರಬೇಕೆಂದು ಅಪ್ಪಣೆಯಾಗಿತ್ತು.

ಅವಳಿಗೆ ಮದುವೆ ಬೇಡವೆಂದೇನಿರಲಿಲ್ಲ. ನೋಡಿಸಿಕೊಂಡು ನೋಡಿಸಿಕೊಂಡು ಸಾಕಾಗಿತ್ತು. ಈ ಸಲ ಅವರು ಹೂಂ ಅಂದರೆ ತಾನೂ ಹೂಂ ಅನ್ನುವುದು, ಯಾರಾದರೇನು ಎಂದು ಅವಳು ನಿರ್ಧರಿಸಿಬಿಟ್ಟಿದ್ದಳು. ಹಾಗೆ ನಿರ್ಧರಿಸಿದ್ದು ಸೋಮವಾರ. ಈ ಅಂಗಡಿಗೆ ಬಂದದ್ದು ಮಂಗಳವಾರ.

ಬುಧವಾರ ಬಾಗಿಲಿನ ಅಳತೆ ತಂದಳು. ಗುರುವಾರ, ನಿನ್ನೆ ಕೊಟ್ಟ ಅಳತೆ ಸರಿ ಉಂಟಾ ಎಂದು ಕೇಳಲು ಬಂದಳು. ಪ್ರೀತಿಗೆ ಕಣ್ಣಿಲ್ಲವೆನ್ನುತ್ತಾರೆ, ನೆಪಗಳಿಗೂ ಅಷ್ಟೇನೂ ನಾಚಿಕೆ ಇರುವುದಿಲ್ಲ.

ಅವನ ಹೆಸರು ಧರ್ಮಪಾಲ.

“ಅಜ್ಜಂದಿರ ಹೆಸರು!” ಎಂದಳು.

“ಅಜ್ಜನದ್ದೇ. ಹೊಸತು ಹುಡುಕಲಿಕ್ಕೆ ಅವತ್ತು ಯಾರಿಗೂ ಪುರುಸೊತ್ತಿರಲಿಲ್ಲ ಅಂತೆ.”

ಎರಡನೆಯ ದಿನಕ್ಕೇ ಮಾತು ತುಳುವಿಗೆ ತಿರುಗಿತ್ತು. ಅವನು ಕಾರ್ಕಳದವನು. ತಾಯಿಗೆ ಪಾರ್ಶ್ವವಾಯು. ಬೆಳಿಗ್ಗೆ ಅವರಿಗೆ ಸ್ನಾನ ಮಾಡಿಸಿ, ಗಂಜಿ ಕುಡಿಸಿ, ಪಕ್ಕದ ಮನೆಯವರ ಕಣ್ಣಳತೆಯಲ್ಲಿ ಬಿಟ್ಟು ಬಸ್ಸು ಹಿಡಿಯುತ್ತಿದ್ದ. ಹದಿನಾಲ್ಕು ವರ್ಷದಿಂದ ಇದೇ ಕೆಲಸ.

“ಇಬ್ಬರು ತಂಗಿಯಂದಿರ ಮದುವೆ ಮುಗಿಸಿ, ಇನ್ನು ನನ್ನದು ಅಂತ ತಿರುಗಿ ನೋಡುವಾಗ ಮೂವತ್ತೆಂಟು ಆಗಿತ್ತು,” ಎಂದ.

“ನಿಮಗೆ ತಿರುಗಿ ನೋಡಲಿಕ್ಕಾದರೂ ಸಿಕ್ಕಿತು. ನನ್ನನ್ನು ಬೇರೆಯವರೇ ಬಂದು ನೋಡಿ ಹೋಗ್ತಾರೆ.”

ಅವಳು ಮೆಚ್ಚಿದ ಹಸಿರು ಸೋಫಾವನ್ನು ಅವನು ಮಗುಚಿ ಹಾಕಿ, ಕುಶನ್ನಿನ ಜಿಪ್ ಎಳೆದು ಒಳಗಿನ ಸ್ಪಂಜನ್ನು ಬೆರಳಿನಿಂದ ಅದುಮಿ ತೋರಿಸಿದ. “ನೋಡಿ, ಅದುಮಿದ ಹೊಂಡ ಮೇಲೆ ಬರಲಿಕ್ಕೆ ಎಷ್ಟು ಹೊತ್ತು ಬೇಕು! ಎರಡು ವರ್ಷಕ್ಕೆ ಕೂತುಹೋಗ್ತದೆ ಇದು. ಮೇಲಿನ ಬಟ್ಟೆಗೆ ಮರುಳಾಗಬೇಡಿ. ಆ ಕಂದು ಬಣ್ಣದ್ದು ನೋಡಲಿಕ್ಕೆ ಅಷ್ಟಕ್ಕಷ್ಟೆ, ಆದರೆ ಒಳಗೆ ಗಟ್ಟಿ ಉಂಟು.”

“ನೀವು ಮಾರುವವರಾ, ಬೇಡ ಅಂತ ಹೇಳಿ ಕಳಿಸುವವರಾ ಮಾರಾಯ್ರೆ?”

“ಸಂಜೆ ಹೊತ್ತಿಗೆ ನನಗೆ ಸುಳ್ಳು ಹೇಳುವಷ್ಟು ಶಕ್ತಿ ಉಳಿಯುವುದಿಲ್ಲ.”

ಭವ್ಯಶ್ರೀ ಆ ದಿನ ನಕ್ಕಳು. ಎಷ್ಟು ದಿನದ ನಂತರ ಹೀಗೆ ನಕ್ಕದ್ದೆಂದು ಅವಳಿಗೇ ಲೆಕ್ಕ ಸಿಗಲಿಲ್ಲ. ಅವನು ಕೆಳಗಿನ ಹೋಟೆಲಿನಿಂದ ಎರಡು ಚಹಾ ತಂದ. ಎದುರುಬದುರಿನ ಎರಡು ಒಂಟಿ ಸೀಟುಗಳಲ್ಲಿ ಕೂತು ಇಬ್ಬರೂ ಕುಡಿದರು. ಹೆಚ್ಚು ಮಾತಾಡಲಿಲ್ಲ. ಮಾತಾಡಬೇಕೆಂದೂ ಅನಿಸಲಿಲ್ಲ. ಲೋಟದ ಅಂಚಿನ ಮೇಲಿಂದ ಅವನು ಒಮ್ಮೆ ನೋಡಿದ, ಅವಳು ನೋಡುವಾಗ ಕಪಾಟಿನ ಕಡೆ ತಿರುಗಿದ. ಮತ್ತೆ ಅವಳ ಸರದಿ ಬಂತು. ದಣಿದವರ ಎದುರು ದಣಿದೇ ಕೂರಬಹುದು, ಮುಖ ಸಿಂಗರಿಸಬೇಕಿಲ್ಲ ಎನ್ನುವುದು ಎಷ್ಟು ದೊಡ್ಡ ಸುಖವೆಂದು ಆ ಹೊತ್ತಿಗೆ ಅವಳಿಗೆ ಗೊತ್ತಾಯಿತು. ಕಾಪು ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಅವಳು ಒಪ್ಪಿಕೊಂಡಳು: ತನಗೆ ಈ ಮನುಷ್ಯ ಬೇಕು. ಮಾವನಿಗೆ ಹೇಳುವುದು ಹೇಗೆಂದು ಆಮೇಲೆ ನೋಡಿದರಾಯಿತು.

ಶುಕ್ರವಾರ ಆರ್ಡರ್ ಬರೆಸಿದಳು, ಆ ಕಂದು ಬಣ್ಣದ್ದನ್ನೇ. “ಡೆಲಿವರಿಗೆ ಮೊದಲು ಫೋನ್ ಬೇಕಾದರೆ ಇದಕ್ಕೆ ಮಾಡಿ,” ಎಂದು ಅವನು ಕಾರ್ಡು ಕೊಟ್ಟ.

ಕಾರ್ಡಿನಲ್ಲಿ ‘ಧರ್ಮಪಾಲ ಅಂಚನ್’ ಎಂದಿತ್ತು.

ಭವ್ಯಶ್ರೀ ಅದನ್ನು ಎರಡೆರಡು ಸಲ ಓದಿದಳು. ತುಳುನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬರಿ ಎಂದರೆ ತಾಯಿಯಿಂದ ಮಕ್ಕಳಿಗೆ ಬರುವ ಕುಲ. ಒಂದೇ ಬರಿಯವರು ಒಬ್ಬರ ಮುಖ ಒಬ್ಬರು ನೋಡದೇ ಇದ್ದರೂ ಅಣ್ಣ ತಂಗಿಯರ ಲೆಕ್ಕ. ಅವರ ನಡುವೆ ಮದುವೆಯ ಮಾತೇ ಇಲ್ಲ. ಬೇಬಿ ಅಂಚನ್ ಬರಿಯವರು, ಹಾಗಾಗಿ ಭವ್ಯಶ್ರೀಯೂ ಅಂಚನ್. ಹೆಸರಿನ ಮುಂದೆ ಬರಿ ಇಟ್ಟುಕೊಳ್ಳುವುದು ಅವಳ ಕಡೆಯ ರೂಢಿ. ಅವನದೂ ಅದೇ ಎಂದಾದ ಮೇಲೆ ಮುಗಿಯಿತಲ್ಲ. ಬಾಯಿಬಿಟ್ಟು ಕೇಳಬಹುದಿತ್ತು. ಆದರೆ ಹೆಣ್ಣೊಬ್ಬಳು ಗಂಡಸಿನಲ್ಲಿ ‘ನಿಮ್ಮದು ಯಾವ ಬರಿ’ ಎಂದು ಕೇಳಿದಳೆಂದರೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿದಂತೆಯೇ. ಅಷ್ಟು ಧೈರ್ಯ ಅವಳಲ್ಲಿ ಆ ಸಂಜೆ ಉಳಿದಿರಲಿಲ್ಲ.

“ಸರಿ ಅಣ್ಣ,” ಎಂದಳು. “ನಾಳೆ ಕಳಿಸಿಕೊಡಿ.”

ರಸೀದಿ ಬರೆಯುತ್ತಿದ್ದ ಅವನ ಪೆನ್ನು ನಿಂತಿತು. ಅಂಗಡಿಯಲ್ಲಿ ಎಲ್ಲರೂ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಇವಳು ಮೂರು ದಿನ ಕರೆದಿರಲಿಲ್ಲ. ಅವನು ಉಳಿದದ್ದನ್ನು ಬರೆದು, ಹರಿದು, ತಲೆ ಎತ್ತದೆ ಕೊಟ್ಟ.

ಶನಿವಾರ ಅವಳು ರಜೆ ಹಾಕಿದ್ದಳು. ಹನ್ನೊಂದಕ್ಕೆ ಟೆಂಪೋ ಅಂಗಳಕ್ಕೆ ಬಂತು. ಡ್ರೈವರ್ ಸ್ಯಾಮ್ಸನ್ ಜೊತೆಗೆ ಧರ್ಮಪಾಲನೂ ಇಳಿದ. ಮೂರು ಜನರ ಸೀಟು, ಎರಡು ಒಂಟಿ ಸೀಟು ಒಳಗೆ ಬಂದವು. ಧರ್ಮಪಾಲ ಮೊಣಕಾಲೂರಿ ಸೋಫಾದ ಕಾಲುಗಳನ್ನು ತಿರುಪಿ ಕೂರಿಸುವಾಗ ಬೆವರು ಅವನ ಕಿವಿಯ ಪಕ್ಕದಲ್ಲಿ ಇಳಿಯುತ್ತಿತ್ತು. ಭವ್ಯಶ್ರೀ ಫ್ಯಾನಿನ ವೇಗ ಹೆಚ್ಚಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನೋಡಬಾರದೆಂದುಕೊಂಡಷ್ಟೂ ಅಲ್ಲೇ ನೋಡಿದಳು.

ದೂಮಪ್ಪ ಮಾವ ದೊಡ್ಡ ಸೀಟಿನ ನಟ್ಟನಡುವೆ ಕೂತು, ಎದ್ದು, ಮತ್ತೊಮ್ಮೆ ಕೂತು ಪರೀಕ್ಷಿಸಿದರು.

“ಹೂಂ, ಗಟ್ಟಿ ಉಂಟು. ಇನ್ನು ಹೆಜಮಾಡಿಯವರ ಇಡೀ ಸಂಸಾರ ಬಂದು ಕೂತರೂ ಹೆದರಿಕೆ ಇಲ್ಲ.” ಮೇಜಿನ ಮೇಲಿದ್ದ ಕಾರ್ಡನ್ನು ಎತ್ತಿ ದೂರ ಹಿಡಿದು ಓದಿದರು. “ಓ! ಅಂಚನ್ನಾ? ಹಾಗಾದರೆ ನಮ್ಮ ಬರಿಯವರೇ ಆಯಿತಲ್ಲ. ನಮ್ಮ ಭವ್ಯನಿಗೆ ನೀವು ಅಣ್ಣ! ನಾಳೆ ಅವಳನ್ನು ನೋಡಲಿಕ್ಕೆ ಜನ ಬರ್ತಾರೆ, ನೀವೂ ಬನ್ನಿ.”

ಧರ್ಮಪಾಲ ಬಾಯಿ ತೆರೆದ. ಏನೋ ಹೇಳಲಿದ್ದ. ಅಷ್ಟರಲ್ಲಿ ಅವನ ಕಣ್ಣು ಭವ್ಯಶ್ರೀಯ ಮೇಲೆ ಬಿತ್ತು. ಬಾಯಿ ಮುಚ್ಚಿಕೊಂಡ.

“ಅಂಗಡಿ ಉಂಟು ನಾಳೆ,” ಎಂದಷ್ಟೇ ಹೇಳಿ ಹೊರಗೆ ನಡೆದ.

ಒಬ್ಬ ಮನುಷ್ಯ ಮಾತು ನುಂಗಿದ್ದು ಕಣ್ಣಿಗೆ ಕಾಣುತ್ತದೆಯೇ? ಅವಳಿಗೆ ಕಂಡಿತು. ನಾಳೆ ಹೂಂ ಎಂದರೆ ಎಲ್ಲ ಸುಲಭವಾಗಿತ್ತು. ಆದರೆ ಆ ನುಂಗಿದ ಮಾತು ಏನಿತ್ತೆಂದು ಆಯುಷ್ಯವಿಡೀ ಯೋಚಿಸುತ್ತ ಕುವೈಟಿನಲ್ಲಿ ಕೂರಲು ಅವಳಿಂದಾಗದು. ಚಪ್ಪಲಿ ಹಾಕದೆಯೇ ಅಂಗಳಕ್ಕಿಳಿದಳು.

ಸ್ಯಾಮ್ಸನ್ ಟೆಂಪೋದ ಹಿಂದೆ ಹಗ್ಗ ಸುತ್ತುತ್ತಿದ್ದ. ಧರ್ಮಪಾಲ ನಳ್ಳಿಯಲ್ಲಿ ಕೈ ತೊಳೆಯುತ್ತಿದ್ದ.

“ಮಾವ ಮಾತಾಡುವಾಗ ನೀವು ಎಂತದ್ದೋ ಹೇಳಲಿಕ್ಕೆ ಹೊರಟಿರಿ.”

“ಎಂತ ಇಲ್ಲ.”

“ನಿಮ್ಮದು ಯಾವ ಬರಿ?”

ನೀರು ಸುರಿಯುತ್ತಲೇ ಇತ್ತು. ಅವನು ಅವಳನ್ನು ನೋಡಿದ. ಕೇಳಿದ್ದರ ಅರ್ಥ ಅವನಿಗೂ ಗೊತ್ತಿತ್ತು.

“ಮಾವ ಹೇಳಿದರಲ್ಲ,” ಎಂದ ಮೆಲ್ಲಗೆ.

“ನಾನು ಮಾವನಲ್ಲಿ ಕೇಳಿದ್ದಲ್ಲ. ನಿಮ್ಮಲ್ಲಿ ಕೇಳಿದ್ದು.”

ಅವನು ನಳ್ಳಿ ನಿಲ್ಲಿಸಿದ. “ಅಂಚನ್ ಅಪ್ಪನದ್ದು. ಶಾಲೆಗೆ ಸೇರಿಸುವಾಗ ಅಪ್ಪನ ಹೆಸರಿನ ಮುಂದೆ ಇದ್ದದ್ದನ್ನೇ ನನಗೂ ಬರೆದರು, ಅದೇ ಉಳಿಯಿತು. ಅಮ್ಮ ಕರ್ಕೇರ. ನಾನೂ ಕರ್ಕೇರ ಬರಿಯೇ.”

ಭವ್ಯಶ್ರೀ ನಳ್ಳಿಯ ಕಟ್ಟೆ ಹಿಡಿದುಕೊಂಡಳು. ಅಳು ಬಂತು, ಸಿಟ್ಟೂ ಬಂತು. ಸಿಟ್ಟು ಮೊದಲು ಹೊರಬಿತ್ತು.

“ಅದನ್ನು ಒಳಗೆ ಹೇಳಲಿಕ್ಕೆ ಎಂತ ಆಗಿತ್ತು ನಿಮಗೆ?”

“ಹೇಗೆ ಹೇಳುವುದು? ನಾಳೆ ಹುಡುಗನ ಕಡೆಯವರು ಬರುವ ಮನೆ. ಸೋಫಾ ಇಳಿಸಲಿಕ್ಕೆ ಬಂದವನು, ನಾನು ಅಣ್ಣ ಅಲ್ಲ ಅಂತ ಹೇಳಿದರೆ ಅದರ ಅರ್ಥ ಎಂತ ಆಗ್ತದೆ? ಅದೂ ಅಲ್ಲದೆ ನಿನ್ನೆ ನೀವೇ ಅಣ್ಣ ಅಂದ್ರಿ.”

“ಕಾರ್ಡ್ ನೋಡಿ ಅಂದದ್ದು ಮಾರಾಯ್ರೆ! ರಾತ್ರಿಯಿಡೀ ನಿದ್ದೆ ಇಲ್ಲ ನನಗೆ.”

“ನನಗೂ ಇಲ್ಲ.” ಅವನು ಒದ್ದೆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ನಿಂತಿದ್ದ. “ಗುರುವಾರ ನೀವು ಬರುವಾಗ ಹತ್ತು ನಿಮಿಷ ತಡ ಆಯಿತು. ಅಷ್ಟರಲ್ಲಿ ಮಣಿಪಾಲದಿಂದ ಬಂದ ಬಸ್ಸುಗಳನ್ನೆಲ್ಲ ಕಿಟಕಿಯಿಂದ ನೋಡಿದೆ ನಾನು. ಈ ವಯಸ್ಸಿನಲ್ಲಿ ಇದೆಲ್ಲ ನಾಚಿಕೆ, ಗೊತ್ತುಂಟು. ಆದರೆ ಹಾಗೆ ಆದದ್ದು ನಿಜ. ನನ್ನಲ್ಲಿ ಎರಡು ಕೋಣೆಯ ಮನೆ ಉಂಟು. ಹಾಸಿಗೆ ಹಿಡಿದ ಅಮ್ಮ ಇದ್ದಾರೆ. ಬೇರೆ ಎಂತ ಇಲ್ಲ. ಯೋಚನೆ ಮಾಡಿ.”

“ಹಾಸಿಗೆ ಹಿಡಿದವರನ್ನು ನಾನು ದಿನಾ ನೋಡ್ತೇನೆ. ಅದಕ್ಕೆ ಹೆದರುವವಳಲ್ಲ.” ಅವಳು ಚೂಡಿದಾರದ ಶಾಲಿನಿಂದಲೇ ಕಣ್ಣೊರೆಸಿಕೊಂಡಳು. “ಬನ್ನಿ ಒಳಗೆ.”

“ಈಗಲಾ?”

“ಇನ್ನು ನಾಳೆಗೆ ಇಟ್ಟರೆ ನನಗೆ ಧೈರ್ಯ ಇರುವುದಿಲ್ಲ.”

ಚಾವಡಿಯಲ್ಲಿ ಬೇಬಿ ಹೊಸ ಸೋಫಾದ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆಯುವುದೋ ಬೇಡವೋ ಎಂದು ಅಣ್ಣನಲ್ಲಿ ಕೇಳುತ್ತಿದ್ದರು. ಭವ್ಯಶ್ರೀ ಹೊಸ್ತಿಲು ದಾಟಿ ನಿಂತಳು. ಅವಳ ಹಿಂದೆ, ಹೊಸ್ತಿಲ ಆಚೆಗೇ, ಧರ್ಮಪಾಲ ನಿಂತ.

“ಮಾವ,” ಎಂದಳು. “ಇವರು ಅಂಚನ್ ಅಲ್ಲ. ಅದು ತಂದೆಯವರದ್ದು. ಇವರ ಬರಿ ಕರ್ಕೇರ.”

ಅಷ್ಟೇ ಹೇಳಿದ್ದು. ಬೇಬಿಯ ಕೈ ಪ್ಲಾಸ್ಟಿಕ್ಕಿನ ಮೇಲೆ ಹಾಗೇ ನಿಂತಿತು. ಅವರು ಮಗಳ ಮುಖ ನೋಡಿದರು, ಬಾಗಿಲಾಚೆ ನಿಂತವನ ಮುಖ ನೋಡಿದರು, ಬಳಿಕ ಮೆಲ್ಲಗೆ ಅಣ್ಣನ ಕಡೆ ತಿರುಗಿದರು. ದೂಮಪ್ಪ ಮಾವನಿಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಾರ್ಡನ್ನು ಮತ್ತೊಮ್ಮೆ ನೋಡಿ, ಅದರದ್ದೇ ತಪ್ಪೆಂಬಂತೆ ಮಗುಚಿ ಇಟ್ಟರು.

“ಹೆಜಮಾಡಿಯವರಿಗೆ ಎಂತ ಹೇಳುವುದು ಇನ್ನು?” ಎಂದು ಕೇಳಿದರು.

“ಹುಡುಗಿಗೆ ದಣಿವಾಗಿದೆ ಅಂತ ಹೇಳಿ ಮಾವ. ಸುಳ್ಳಲ್ಲ ಅದು.”

ಮಾವ ಅವಳನ್ನು ದಿಟ್ಟಿಸಿದರು. ಏಳು ಸಲ ಅವಳನ್ನು ಚಾವಡಿಗೆ ಕರೆದದ್ದು ಅವರೇ. ಬೆಳಿಗ್ಗೆ ನಾಲ್ಕಕ್ಕೆ ಏಳುವ ಆ ಮುಖವನ್ನು ಅವರು ಸರಿಯಾಗಿ ನೋಡಿದ್ದು ಇದೇ ಮೊದಲ ಸಲವಿರಬಹುದು. ಅವರು ಬೈಯಲಿಲ್ಲ, ಹರಸಲೂ ಇಲ್ಲ. ಮೂರು ಜನರ ಸೀಟಿನ ನಟ್ಟನಡುವಿನಿಂದ ಎದ್ದು, ಲುಂಗಿ ಸರಿಮಾಡಿಕೊಂಡು, ಬಾಗಿಲಲ್ಲಿ ನಿಂತವರಿಬ್ಬರಿಗೆ ಜಾಗ ಬಿಟ್ಟು, ಪಕ್ಕದ ಒಂಟಿ ಸೀಟಿಗೆ ಹೋಗಿ ಕೂತರು.