ಝೆಲಿಗ್ ಬ್ರೋಡ್ಸ್ಕಿಯ ನೀಲಿ ಥಾನುಗಳು

೧೯೦೭ರ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಟ್ಟೆ ವ್ಯಾಪಾರಿ ಝೆಲಿಗ್ ಬ್ರೋಡ್ಸ್ಕಿ ನ್ಯೂಯಾರ್ಕಿನ ಎಲ್ಡ್ರಿಜ್ ಬೀದಿಯ ಠಾಣೆಗೆ ಬಂದು ದೂರು ಕೊಟ್ಟ. ಹಿಂದಿನ ದಿನ ಸಬ್ಬತ್, ನಮ್ಮ ಯಹೂದಿಗಳ ವಾರದ ವಿಶ್ರಾಂತಿಯ ದಿನ. ಅವನು ಪ್ರಾರ್ಥನೆಗೆ ಹೋಗಿದ್ದಾಗ ಅಂಗಡಿಯ ನೀಲಿ ಬಟ್ಟೆಯ ಥಾನುಗಳಷ್ಟೂ ಮಾಯವಾಗಿದ್ದವು. ಬೀಗ ಮುರಿದಿರಲಿಲ್ಲ.

"ಮಾಲು ನಿಮ್ಮದೇನಾ?" ಸಾರ್ಜೆಂಟ್ ವಾಲ್ಡ್‌ಮನ್ ಕೇಳಿದ.

"ಕಡ ತಂದಿದ್ದು ಸಾಹೇಬ್ರೇ. ಶುಕ್ರವಾರ ಸಗಟಿನವರಿಗೆ ದುಡ್ಡು ಕಟ್ಬೇಕು. ತಪ್ಪಿದ್ರೆ ಈ ಊರಲ್ಲಿ ಒಂದು ಗುಂಡೀನೂ ನನ್ನನ್ನ ನಂಬಿ ಕೊಡಲ್ಲ. ಬೀದಿಗೆ ಬೀಳ್ತೀನಿ."

ಸುಳ್ಳಲ್ಲ. ಬ್ಯಾಂಕಿನವರು ನಮ್ಮವರನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಯಾವ ವ್ಯಾಪಾರಿಗೆ ಸಾಲ ಕೊಡಬಹುದು ಎಂದು ಬರೆದು ಮಾರುವ ಕಚೇರಿಗಳಂತೂ ಹೆಸರಿನ ಮುಂದೆ 'ಯಹೂದಿ, ಹುಷಾರು' ಎಂದು ಗೀಚಿ ಕೈತೊಳೆದುಕೊಳ್ಳುತ್ತಿದ್ದವು. ಸುಡುಗಾಡು ಕಚೇರಿಗಳು! ಒಬ್ಬನಿಗೆ ಇನ್ನೊಬ್ಬ ಜಾಮೀನು ನಿಂತರೇ ನಮ್ಮ ಬದುಕು. ಹಡಗಿನಿಂದ ಬರಿಗೈಲಿ ಇಳಿದ ಝೆಲಿಗ್‌ಗೆ ಹಾಗೆ ನಿಂತವನು ಅವನದೇ ಊರಿನ ಫಿಶೆಲ್ ಕಾಟ್ಸ್. ಪಕ್ಕದ ಬೀದಿಯಲ್ಲಿ ಅವನ ಟೋಪಿ ಅಂಗಡಿ.

ಒಂಬತ್ತೂವರೆಗೆ ಅಂಗಡಿಯಲ್ಲಿ ಮಹಜರು. ಸಬ್ಬತ್ ದಿನ ನಾವು ಬೆಂಕಿ ಹಚ್ಚುವಂತಿಲ್ಲ, ಬೀಗದಕೈ ಹೊತ್ತು ಬೀದಿಗೆ ಇಳಿಯುವಂತೆಯೂ ಇಲ್ಲ. ಝೆಲಿಗ್ ಬೀಗದಕೈಯನ್ನು ಮೆಟ್ಟಿಲ ಕೆಳಗಿನ ಮೊಳೆಗೆ ನೇತುಹಾಕಿ ಹೋಗುತ್ತಿದ್ದ.

"ಯಾರಿಗೆ ಗೊತ್ತು?"

"ಸಬ್ಬತ್‌ಗೆ ಒಲೆ ಹಚ್ಚೋಕೆ ಬರೋ ಮೊರಾನ್‌ಗೆ. ಆಮೇಲೆ ಫಿಶೆಲ್‌ಗೆ. ಅವನು ಬಿಡಿ, ನನಗೆ ಅಣ್ಣ ಇದ್ದ ಹಾಗೆ."

"ಮೊರಾನ್ ನಮ್ಮ ಐರಿಷ್ ಕೇರಿಯವನೇ, ಮಹಾ ಕುಡುಕ," ಎಂದ ಕಾನ್‌ಸ್ಟೆಬಲ್ ಡ್ವೈಯರ್. "ಎಳಕೊಂಡು ಬರ್ಲಾ?"

"ತಡಿ ಮಾರಾಯ."

ವಾಲ್ಡ್‌ಮನ್ ಬಾಗಿಲ ಬಲಗಂಬದ ಮೆಜುಜಾ ನೋಡುತ್ತಿದ್ದ. ದೇವರ ವಾಕ್ಯ ಅಡಗಿಸಿಟ್ಟ ಪುಟ್ಟ ತಗಡಿನ ಕೊಳವೆ ಅದು. ಹೊಸ್ತಿಲು ದಾಟುವಾಗ ಅದನ್ನು ಮುಟ್ಟಿ, ಮುಟ್ಟಿದ ಬೆರಳಿಗೆ ಮುತ್ತಿಡುವುದು ನಮ್ಮವರಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಶುಕ್ರವಾರ ಸಂಜೆ ಝೆಲಿಗ್‌ನ ಹೆಂಡತಿ ಅದನ್ನು ತಿಕ್ಕಿ ಫಳಫಳ ಮಾಡಿದ್ದಳು. ಈಗ ಅದರ ಮೇಲೆ ನೀಲಿ ಬೆರಳಿನ ಗುರುತು. ಹೊಸ ಥಾನಿನ ಬಣ್ಣ ಕೈಗೆ ಹತ್ತುತ್ತದೆ.

"ಮೊರಾನ್ ಇದನ್ನ ಯಾಕಪ್ಪಾ ಮುಟ್ತಾನೆ? ಕದ್ದವನು ನಮ್ಮ ಯಹೂದಿಯೇ," ಎಂದ ವಾಲ್ಡ್‌ಮನ್.

ಬೀಗದಕೈಯ ಜಾಗ ಗೊತ್ತಿದ್ದ ನಮ್ಮವನು ಫಿಶೆಲ್ ಒಬ್ಬನೇ.

ಹನ್ನೊಂದಕ್ಕೆ ಫಿಶೆಲ್‌ನ ಅಂಗಡಿ.

"ನಿನ್ನೆ ಬೆಳಿಗ್ಗೆ ಎಲ್ಲಿದ್ರಿ?"

"ಜ್ವರ. ಮನೇಲೇ ಮಲಗಿದ್ದೆ."

"ಕೈಗವಸು ತೆಗೀರಿ."

ತೆಗೆಯಲಿಲ್ಲ. ತೆಗೆಯುವುದು ಬೇಕಾಗಿಯೂ ಇರಲಿಲ್ಲ. ಉಜ್ಜಿ ಉಜ್ಜಿ ಅವನ ತುಟಿ ಕೆಂಪಾಗಿತ್ತು, ನೀಲಿ ಮಾತ್ರ ಪೂರ್ತಿ ಹೋಗಿರಲಿಲ್ಲ. ಟೋಪಿ ಪೆಟ್ಟಿಗೆಗಳ ಹಿಂದೆ ಮಾಲು ಸಿಕ್ಕಿತು. ಒಂದು ಥಾನೂ ಮಾರಾಟವಾಗಿರಲಿಲ್ಲ. ಅಲ್ಲೇ ಬಂಧಿಸಿದರು.

"ಮಾರೋಕಲ್ಲ ಅಂದ್ರೆ ಮತ್ಯಾಕೆ ಕದ್ರಿ?" ಠಾಣೆಯಲ್ಲಿ ವಾಲ್ಡ್‌ಮನ್ ಕೇಳಿದ.

"ಹನ್ನೆರಡು ವರ್ಷ ಅವನಿಗೆ ಜಾಮೀನು ನಿಂತೆ. ಹೋದ ತಿಂಗಳು ನನ್ನ ವ್ಯಾಪಾರ ಮುಗ್ಗರಿಸ್ತು. ಒಂದೇ ಒಂದು ಸಲ ನನಗೂ ನಿಲ್ಲೋ ಅಂದೆ. 'ಹೆಂಡ್ತೀನ ಕೇಳಿ ಹೇಳ್ತೀನಿ' ಅಂದ. ಹೇಳಲೇ ಇಲ್ಲ. ಯಾರೂ ನಂಬದಿದ್ರೆ ಹೊಟ್ಟೆ ಹೇಗೆ ಉರಿಯತ್ತೆ ಅಂತ ಅವನಿಗೂ ಗೊತ್ತಾಗ್ಲಿ ಅಂತ ಕದ್ದೆ."

ಸಂಜೆ ನಾಲ್ಕಕ್ಕೆ ಝೆಲಿಗ್ ಬಂದ. ಮಾಲು ಸಿಕ್ಕಿತ್ತು, ಮಾನ ಉಳಿದಿತ್ತು, ಆದರೂ ಅವನ ಕಣ್ಣು ಊದಿಕೊಂಡಿತ್ತು.

"ಇವನ ಬಿಡುಗಡೆಗೆ ನಾನು ಜಾಮೀನು ನಿಲ್ತೀನಿ ಸಾಹೇಬ್ರೇ."

ಕಂಬಿಯ ಹಿಂದಿನಿಂದ ಫಿಶೆಲ್ ಕೇಳಿದ, "ಹೆಂಡ್ತೀನ ಕೇಳ್ದೇನೋ?"

"ಇಲ್ಲ ಕಣೋ. ಕೇಳಿಲ್ಲ."

"ಅವತ್ತೂ ಕೇಳಿರ್ಲಿಲ್ಲ, ಅಲ್ವಾ?"

ಝೆಲಿಗ್ ತಲೆ ತಗ್ಗಿಸಿದ. ಫಿಶೆಲ್ ಗೋಡೆಯ ಕಡೆ ತಿರುಗಿ ಕೂತು, "ಇವನ ಜಾಮೀನು ನನಗೆ ಬೇಡ ಅಂತ ಬರ್ಕೊಳ್ಳಿ," ಅಂದ.

ವಾಲ್ಡ್‌ಮನ್ ಬರೆದುಕೊಂಡ.